ತಲೆಗೆ ತಲೆ

1
ತಿಪಟೂರಿನ ಹತ್ತಿರ ಒಂದು ಮನೆ. ಅಣ್ಣ ತಮ್ಮಂದಿರ ಎರಡು ಸಂಸಾರ, ಒಂದೇ ಅಡುಗೆ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಅಕ್ಕನ ಮಕ್ಕಳೂ ಬಂದಿದ್ದಾರೆ. ಎಲ್ಲ ಸೇರಿ ಒಂಬತ್ತು ಮಕ್ಕಳು. ರಾತ್ರಿ ನಡುಮನೆಯಲ್ಲಿ ಜಮಖಾನ ಹಾಸಿ ಸಾಲಾಗಿ ಮಲಗಿಸುತ್ತಾರೆ. ಬೆಳಗ್ಗೆ ಸಾಲು ಇರುವುದಿಲ್ಲ. ಯಾರ ತಲೆ ಯಾರ ತೋಳಿನ ಮೇಲಿದೆ ಎಂದು ಬಿಡಿಸಿ ನೋಡಬೇಕು.

2
ಹೇನಿಗೆ ರೆಕ್ಕೆ ಇಲ್ಲ. ನೆಗೆಯಲೂ ಬಾರದು. ನಡೆಯುತ್ತದೆ, ಅಷ್ಟೇ. ಕೂದಲಿಗೆ ಕೂದಲು ತಾಗಿದಾಗ ಆಚೆ ತಲೆಗೆ ದಾಟುತ್ತದೆ.

3
ಒಂದು ಮೊಬೈಲು, ಅದರ ಸುತ್ತ ಐದು ತಲೆ.

4
ಹೇನು ಇದೆ ಎಂದು ಗೊತ್ತಾದ ದಿನ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ, ಯಾರಿಂದ ಬಂತು? ಊರಿನವರು ಬೆಂಗಳೂರಿನ ಮಕ್ಕಳ ಕಡೆ ನೋಡಿದರು. ಅಕ್ಕ ಊರಿನ ಮಕ್ಕಳ ಕಡೆ ನೋಡಿದಳು.

ಮೊದಲ ಸಲ ಹೇನು ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಹೇನಿನ ಜೊಲ್ಲಿಗೆ ಚರ್ಮ ಒಗ್ಗದೆ ಬರುವ ತುರಿಕೆ ಅದು. ಅಷ್ಟು ಹೊತ್ತಿಗೆ ಮಗು ಎಷ್ಟು ತಲೆಗಳ ಪಕ್ಕ ಮಲಗಿ ಎದ್ದಿರುತ್ತದೋ.

ಈ ಮನೆಯಲ್ಲಿ ಪರಪರ ಕೆರೆದುಕೊಳ್ಳುತ್ತಿದ್ದ ಹುಡುಗಿಯ ತಲೆಯಲ್ಲಿ ಸಿಕ್ಕಿದ್ದು ಕಡಿಮೆ. ಒಂದು ಸಲವೂ ಕೈ ಹಾಕದೆ ಕೂತಿದ್ದವಳ ತಲೆಯಲ್ಲಿ ಬಹಳ.

5
ನಾಯಿಯನ್ನು ಹಿತ್ತಲಲ್ಲಿ ಕಟ್ಟಿದರು. ಮನುಷ್ಯರ ಹೇನು ನಾಯಿಯ ಮೈಯಲ್ಲಿ ಬದುಕುವುದಿಲ್ಲ ಎಂದು ಹೇಳಿದ ಮೇಲೂ ಎರಡು ದಿನ ಬಿಚ್ಚಲಿಲ್ಲ.

6
ಬೆಳೆದ ಹೇನು ಎಳ್ಳಿನಷ್ಟು, ಎರಡು ಮೂರು ಮಿಲಿಮೀಟರ್. ಆರು ಕಾಲು, ಪ್ರತಿ ಕಾಲಿನ ತುದಿಯಲ್ಲಿ ಒಂದು ಕೊಕ್ಕೆ ಉಗುರು. ಒಂದೆಳೆ ಕೂದಲನ್ನು ಹಿಡಿಯಲು ಬೇಕಾದ ಅಳತೆಯಲ್ಲೇ ಆ ಕೊಕ್ಕೆ ಇದೆ. ರಕ್ತ ಹೀರಿ ಬದುಕುತ್ತದೆ. ಆಯಸ್ಸು ಸುಮಾರು ಒಂದು ತಿಂಗಳು. ತಲೆಯಿಂದ ಕೆಳಗೆ ಬಿದ್ದರೆ ಒಂದೆರಡು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ.

ಮಕ್ಕಳು ತೋಟದ ತೊಟ್ಟಿಯಲ್ಲಿ ಮಧ್ಯಾಹ್ನವೆಲ್ಲ ಮುಳುಗೆದ್ದು ಬಂದರು. ಹೇನು ಮುಳುಗಿ ಸಾಯಲಿಲ್ಲ. ನೀರಿನೊಳಗೆ ಕೂದಲನ್ನು ಬಿಗಿಯಾಗಿ ಹಿಡಿದು ಗಂಟೆಗಟ್ಟಲೆ ಇರಬಲ್ಲದು.

7
ದಿಂಬಿನ ಚೀಲ, ಹೊದಿಕೆ, ಟವೆಲು ಎಲ್ಲವನ್ನೂ ಹಂಡೆಗೆ ಹಾಕಿ ಕುದಿಸಿದರು. ಅರ್ಧ ದಿನದ ಕೆಲಸ. ಅಂದು ತಲೆ ನೋಡಲು ಯಾರಿಗೂ ಹೊತ್ತು ಸಿಗಲಿಲ್ಲ.

8
ಸೀರು ಕಷ್ಟ. ಹೆಣ್ಣು ಹೇನು ದಿನಕ್ಕೆ ಆರೆಂಟು ಮೊಟ್ಟೆ ಇಡುತ್ತದೆ. ಕಾವು ಬೇಕು, ಅದಕ್ಕೇ ನೆತ್ತಿಯ ಚರ್ಮದ ಹತ್ತಿರವೇ ಕೂದಲಿಗೆ ಅಂಟಿಸುತ್ತದೆ. ಆ ಅಂಟು ಪ್ರೋಟೀನಿನದು. ಕೂದಲೂ ಪ್ರೋಟೀನಿನದೇ. ಒಂದನ್ನು ಕರಗಿಸುವ ಪದಾರ್ಥ ಇನ್ನೊಂದನ್ನೂ ಕೆಡಿಸುತ್ತದೆ. ಹಾಗಾಗಿ ಸೀರನ್ನು ಎಳೆದೇ ತೆಗೆಯಬೇಕು.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬುಡದಿಂದ ಎರಡು ಸೆಂಟಿಮೀಟರ್ ದೂರದಲ್ಲಿ ಸೀರು ಕಂಡರೆ ಅದನ್ನು ಇಟ್ಟು ಎರಡು ತಿಂಗಳಾಗಿದೆ. ಒಳಗೆ ಏನೂ ಇಲ್ಲ.

ಅಜ್ಜಿ ದೂರ ಅಳೆಯುವುದಿಲ್ಲ. ಎರಡು ಹೆಬ್ಬೆರಳ ಉಗುರಿನ ನಡುವೆ ಇಟ್ಟು ಒತ್ತುತ್ತಾರೆ. ಚಿಟ್ ಎಂದರೆ ಜೀವ ಇದ್ದದ್ದು. ಸದ್ದು ಬರದಿದ್ದರೆ ಹಳೆಯದು.

9
ಹೇನು ನೋಡಲು ಕೂರುವ ಕ್ರಮ: ಜಗಲಿಯ ಮೇಲೆ ಅಜ್ಜಿ, ಮೇಲಿನ ಮೆಟ್ಟಿಲಲ್ಲಿ ಸೊಸೆ, ಅವಳ ಕೆಳಗೆ ಮಗಳು, ಮಗಳ ಕೆಳಗೆ ಅವಳ ತಂಗಿ. ಪ್ರತಿಯೊಬ್ಬರೂ ತಮ್ಮ ಮುಂದಿನ ತಲೆ ನೋಡುತ್ತಾರೆ.

ಅಜ್ಜಿಯ ತಲೆ ನೋಡುವವರು ಯಾರೂ ಇಲ್ಲ.

10
“ಅಲ್ಲಾಡ್ಬ್ಯಾಡ ಕಣಮ್ಮಿ.”
“ನೋಯ್ತದೆ ಅಜ್ಜಿ.”
“ಆಯ್ತು, ಇನ್ನೊಂದೇ.”

ಇನ್ನೊಂದೇ ಎಂದ ಮೇಲೆ ಅರ್ಧ ಗಂಟೆ. ಹುಡುಗಿ ಅಲ್ಲೇ ನಿದ್ದೆ ಹೋದಳು.

11
ಗಂಡು ಮಕ್ಕಳಿಗೆ ಗಿಡ್ಡ ಕಟಿಂಗು, ಬೇಗ ಮುಗಿಯುತ್ತದೆ. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ಚಿಕ್ಕ ಹುಡುಗನ ತಲೆಯಲ್ಲಿ ನೋಡಲು ಏನೂ ಇಲ್ಲ. ಅವನೂ ಬಂದು ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತ. ಸೊಸೆ ಅವನ ಬೋಳು ತಲೆಯ ಮೇಲೆ ಐದು ನಿಮಿಷ ಬೆರಳಾಡಿಸಿದರು.

12
ಊರಿನವರು ಹೇಳಿದ ಮದ್ದುಗಳು: ಬೇವಿನ ಎಣ್ಣೆ. ಕೊಬ್ಬರಿ ಎಣ್ಣೆಗೆ ಕರ್ಪೂರ. ನಿಂಬೆರಸ. ಬೆಳ್ಳುಳ್ಳಿ. ಸೀತಾಫಲದ ಬೀಜದ ಪುಡಿ. ಸೀಮೆಎಣ್ಣೆ.

ಕೊನೆಯ ಎರಡನ್ನು ಇಲ್ಲೇ ಬಿಡಿಸಿ ಬರೆಯಬೇಕು. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಇಳಿದು ಕಾರ್ನಿಯಾಕ್ಕೆ ಗಾಯವಾದ ರೋಗಿಗಳ ಬಗ್ಗೆ ನಮ್ಮ ದೇಶದ ಕಣ್ಣಿನ ವೈದ್ಯರು ಬರೆದಿದ್ದಾರೆ. ಸೀಮೆಎಣ್ಣೆ ಚರ್ಮ ಸುಡುತ್ತದೆ. ಅದು ಹಚ್ಚಿದ ತಲೆ ಒಲೆಯ ಹತ್ತಿರ ಹೋದರೆ ಹೊತ್ತಿಕೊಳ್ಳುತ್ತದೆ. ಎರಡನ್ನೂ ಮಕ್ಕಳ ತಲೆಗೆ ಹಾಕಬಾರದು. ಕರ್ಪೂರ ಮಗುವಿನ ಬಾಯಿಗೆ ಹೋದರೆ ವಿಷ.

13
ಔಷಧಿ ಅಂಗಡಿಯಿಂದ ಶೇಕಡಾ 1ರ ಪರ್ಮೆಥ್ರಿನ್ ತಂದರು. ತೊಳೆದು ಒರೆಸಿದ ಕೂದಲಿಗೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯುವುದು. ಓಡಾಡುವ ಹೇನು ಸಾಯುತ್ತದೆ. ಮೊಟ್ಟೆ ಎಲ್ಲವೂ ಸಾಯುವುದಿಲ್ಲ. ಮೊಟ್ಟೆ ಒಡೆಯಲು ಒಂದು ವಾರದ ಮೇಲೆ ಬೇಕು. ಹೊರಬಂದ ಮರಿ ಬೆಳೆದು ತಾನು ಮೊಟ್ಟೆ ಇಡಲು ಇನ್ನೂ ಒಂಬತ್ತು ಹತ್ತು ದಿನ. ಈ ಎರಡರ ನಡುವೆ, ಸುಮಾರು ಒಂಬತ್ತನೆಯ ದಿನ, ಮತ್ತೆ ಹಚ್ಚಬೇಕು.

ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿನ ಮನೆಯೊಳಗೆ “ತಲೆ” ಎಂದು ಬರೆದಿದ್ದಾರೆ. ಎರಡು ಮನೆ ಆಚೆ “ಗ್ಯಾಸ್” ಎಂದಿದೆ.

ಒಂಬತ್ತನೆಯ ದಿನ ಅರಸೀಕೆರೆಯಲ್ಲಿ ಮದುವೆ ಇತ್ತು. ಎಲ್ಲರೂ ಹೋದರು. ಹೆಣ್ಣುಮಕ್ಕಳು ಒಂದೇ ದಿಂಡು ಮಲ್ಲಿಗೆಯನ್ನು ಹಂಚಿಕೊಂಡು ಮುಡಿದರು.

14
ಪರ್ಮೆಥ್ರಿನ್‌ಗೆ ಜಗ್ಗದ ಹೇನುಗಳು ಹಲವು ದೇಶಗಳಲ್ಲಿ ಕಂಡಿವೆ. ಹಣಿಗೆಗೆ ಜಗ್ಗದ ಹೇನು ಎಲ್ಲೂ ಇಲ್ಲ. ಕೂದಲಿಗೆ ಧಾರಾಳವಾಗಿ ಎಣ್ಣೆ ಹಾಕಿ, ಸಣ್ಣ ಸಣ್ಣ ಭಾಗ ಮಾಡಿ, ಬುಡದಿಂದ ತುದಿಯವರೆಗೆ ಸೀರಣಿಗೆ ಎಳೆದು, ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. ಎರಡು ಮೂರು ದಿನಕ್ಕೊಮ್ಮೆ, ಎರಡು ವಾರ ದಾಟುವವರೆಗೆ. ಸೊಂಟದುದ್ದ ಕೂದಲಿನ ಒಂದು ತಲೆಗೆ ಒಂದು ಗಂಟೆ. ಎಣ್ಣೆಗೆ ಈ ಊರಿನಲ್ಲಿ ಬರವಿಲ್ಲ. ಆ ಗಂಟೆಯನ್ನು ಯಾರು ಕೊಡುತ್ತಾರೆ ಎಂದು ನೋಡುತ್ತಿದ್ದೆ. ಮೂವರು ಹೆಂಗಸರು, ಅಡುಗೆ ಮುಗಿದ ಮೇಲೆ.

15
ಇಸ್ರೇಲಿನ ಲಾಕೀಶ್ ಎಂಬ ಪ್ರಾಚೀನ ನಗರದ ಅವಶೇಷಗಳಲ್ಲಿ 2016ರಲ್ಲಿ ಆನೆದಂತದ ಒಂದು ಪುಟ್ಟ ಹಣಿಗೆ ಸಿಕ್ಕಿತು. ಕ್ರಿ.ಪೂ. 1700ರ ಸುಮಾರಿನದು ಎಂದು ಅಂದಾಜು. ಒಂದು ಕಡೆ ದಪ್ಪ ಹಲ್ಲು, ಒಂದು ಕಡೆ ಸಣ್ಣ ಹಲ್ಲು. ಹಲ್ಲಿನಲ್ಲಿ ಹೇನಿನ ಅವಶೇಷ. ಮೈಮೇಲೆ ಗೀರಿದ 17 ಅಕ್ಷರಗಳನ್ನು ಓದಿ 2022ರಲ್ಲಿ ಪ್ರಕಟಿಸಿದರು. ಕಾನಾನ್ ಲಿಪಿಯ ಪೂರ್ಣ ವಾಕ್ಯವೊಂದು ಸಿಕ್ಕಿದ್ದು ಅದೇ ಮೊದಲು. ಕೂದಲಿನ, ಗಡ್ಡದ ಹೇನು ಈ ದಂತದಿಂದ ತೊಲಗಲಿ ಎಂಬ ಹಾರೈಕೆ ಅದು.

ಈ ಮನೆಯ ಗೂಡಿನಲ್ಲಿರುವ ಮರದ ಸೀರಣಿಗೆಗೂ ಎರಡು ಕಡೆ ಹಲ್ಲು.

16
ಟೈಫಸ್ ಜ್ವರವನ್ನು ಹೇನು ಹರಡುತ್ತದೆ ಎಂದು ಷಾರ್ಲ್ ನಿಕೋಲ್ 1909ರಲ್ಲಿ ಟ್ಯೂನಿಸ್‌ನಲ್ಲಿ ತೋರಿಸಿಕೊಟ್ಟರು. 1928ರಲ್ಲಿ ನೊಬೆಲ್ ಬಂತು. ಅದು ಬಟ್ಟೆಯ ಮಡಿಕೆಯಲ್ಲಿ ಇರುವ ಹೇನು. ತಲೆಯ ಹೇನು ರೋಗ ಹರಡುವುದಿಲ್ಲ. ತೊಳೆದ ತಲೆ, ತೊಳೆಯದ ತಲೆ ಎಂಬ ಭೇದವೂ ಅದಕ್ಕಿಲ್ಲ.

17
ಒಬ್ಬ ಹುಡುಗಿ ತಾನಾಗಿ ಹೇಳಿದ್ದು. ಶಾಲೆಯಲ್ಲಿ ತನ್ನ ಜಡೆಯಲ್ಲಿ ಹೇನು ಕಂಡ ದಿನ ಕೊನೆಯ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದರು. ವಾರವೆಲ್ಲ ಅಲ್ಲೇ. ಮನೆಯಲ್ಲಿ ಹೇಳಿರಲಿಲ್ಲ.

ಹೇನಿನ ಕಾರಣಕ್ಕೆ ಮಗುವನ್ನು ತರಗತಿಯಿಂದ ಹೊರಗಿಡಬಾರದು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ನಮ್ಮ ಶಾಲೆಗಳ ಗೋಡೆಗಳ ಮೇಲೂ ಇದನ್ನು ಬರೆಸಬೇಕು.

ಅಂದು ರಾತ್ರಿ ಅವಳು ತನ್ನ ಚಾಪೆಯನ್ನು ಬೇರೆ ಹಾಸಿಕೊಂಡಳು. ಬೆಳಗ್ಗೆ ಆ ಚಾಪೆಯ ಮೇಲೆ ಮೂವರಿದ್ದರು.

18
ರಜೆ ಮುಗಿಯಿತು. ಬೆಂಗಳೂರಿಗೆ ಹೋದ ಅಕ್ಕ ಮಗಳ ಗೆಳತಿಯರ ತಾಯಂದಿರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ಹೇಳಿದಳಂತೆ: ನಮ್ಮ ಮಕ್ಕಳಿಗೆ ಹೇನಾಗಿತ್ತು, ನಿಮ್ಮ ಮಕ್ಕಳ ತಲೆಯನ್ನೂ ಒಮ್ಮೆ ನೋಡಿ. ಮೊದಲ ಇಬ್ಬರು ನಮ್ಮ ಮಗುವಿಗೆ ಅಂಥದ್ದೇನೂ ಇಲ್ಲ ಎಂದು ಇಟ್ಟುಬಿಟ್ಟರು. ಮೂರನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳ್ಳೆಯ ಸೀರಣಿಗೆ ಎಲ್ಲಿ ಸಿಗುತ್ತದೆ ಎಂದು ಕೇಳಿದರು.