ಹಳೇ ಆಕ್ಸೆಸ್, ಹೊಸ ಫೈಲು

ವಾಚನಾಲಯದ ಒಳಕೋಣೆಯಲ್ಲಿ ಫ್ಯಾನಿಗಿಂತ ಸಿಪಿಯು ಸದ್ದೇ ಜೋರು. ಗ್ರಂಥಪಾಲಕಿ ಮೇಡಂ ನಿಮಗೆ ಕುರ್ಚಿ ಬಿಟ್ಟುಕೊಟ್ಟು ತಾವು ಸ್ಟೂಲಿನ ಮೇಲೆ ಕೂತಿದ್ದಾರೆ. ಎದುರಿಗೆ ವಿಂಡೋಸ್ ಎಕ್ಸ್‌ಪಿ, ಅದರಲ್ಲಿ ಆಕ್ಸೆಸ್ 2003. ಪುಸ್ತಕ ಕೊಡುವ, ಹಿಂತಿರುಗಿ ಪಡೆಯುವ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ರಸೀದಿ ಹೊಡೆಯುವ ಫಾರಂಗಳೆಲ್ಲ ಇದರಲ್ಲೇ ಇವೆ. ಬರೆದುಕೊಟ್ಟವರು ಊರು ಬಿಟ್ಟು ಎಷ್ಟೋ ಕಾಲವಾಯಿತು. ಹಾಗಾಗಿ ಇದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ. 2014ರಲ್ಲಿ ಎಕ್ಸ್‌ಪಿಗೆ ಬೆಂಬಲ ನಿಂತ ಮೇಲೆ ಇಂಟರ್‌ನೆಟ್ ವೈರನ್ನೂ ಕಿತ್ತಿಟ್ಟಿದ್ದಾರೆ.

ಮುಖ್ಯ ಶಾಖೆಯ ಪುಸ್ತಕಪಟ್ಟಿ ಪೆನ್‌ಡ್ರೈವಿನಲ್ಲಿ ಬಂದಿದೆ. ಡಬಲ್ ಕ್ಲಿಕ್ ಮಾಡುತ್ತೀರಿ. ಇದನ್ನು ಯಾವುದರಲ್ಲಿ ತೆರೆಯಬೇಕು ಎಂದು ವಿಂಡೋಸ್ ನಿಮ್ಮನ್ನೇ ಕೇಳುತ್ತದೆ. ಹೆಸರಿನ ಕೊನೆಗಿರುವುದು ಎಸಿಸಿಡಿಬಿ. ಈ ಯಂತ್ರ ಬಲ್ಲದ್ದು ಎಂಡಿಬಿ ಮಾತ್ರ. ಆಕ್ಸೆಸ್ ಒಳಗಿನಿಂದ ತೆರೆಯಲು ಹೋದರೆ ‘ಅನ್‌ರೆಕಗ್ನೈಸ್ಡ್ ಡೇಟಾಬೇಸ್ ಫಾರ್ಮ್ಯಾಟ್’ ಎಂಬ ಪೆಟ್ಟಿಗೆ. ಒತ್ತುವುದಕ್ಕೆ ಓಕೆ ಬಿಟ್ಟರೆ ಬೇರೆ ಏನೂ ಕೊಟ್ಟಿಲ್ಲ.

“ಕೊನೇಲಿ ಎಂಡಿಬಿ ಅಂತ ಹೆಸರು ಬದಲಾಯಿಸಿ ನೋಡೋಣ್ವಾ?” ಅನ್ನುತ್ತಾರೆ ಮೇಡಂ.

ನೋಡುತ್ತೀರಿ. ಅದೇ ಪೆಟ್ಟಿಗೆ.

“ವರ್ಡ್ ಫೈಲು ಹೊಸದಾದ್ರೂ ತೆರೀತದಲ್ಲ. ಅದೇನೋ ಪ್ಯಾಕ್ ಹಾಕಿಸಿದ್ವಿ.”

ಹಾಕಿಸಿದ್ದು ನಿಜ. ಆದರೆ ಆ ಕಂಪ್ಯಾಟಿಬಿಲಿಟಿ ಪ್ಯಾಕ್ ವರ್ಡ್, ಎಕ್ಸೆಲ್, ಪವರ್‌ಪಾಯಿಂಟಿಗಷ್ಟೇ. ಆಕ್ಸೆಸ್ ಅದರ ಲೆಕ್ಕಕ್ಕಿಲ್ಲ.

ಬಂದ ಫೈಲು, ವಾಚನಾಲಯದ ಫೈಲು ಎರಡನ್ನೂ ನಕಲು ಮಾಡಿಕೊಂಡು, ನಕಲನ್ನೇ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಒಂದಷ್ಟು ಹೊತ್ತು ತಿಣುಕಿ, ಪರದೆಯ ತುಂಬ ಚೌಕ, ಚುಕ್ಕಿ, ಅರ್ಥವಿಲ್ಲದ ಗುರುತು ಚೆಲ್ಲುತ್ತದೆ. ಮೊದಲ ಸಾಲಿನಲ್ಲಿ ಮಾತ್ರ ಓದಲು ಬರುವ ಇಂಗ್ಲಿಷ್ ಇದೆ. ವಾಚನಾಲಯದ ಫೈಲಿನಲ್ಲಿ ‘ಸ್ಟ್ಯಾಂಡರ್ಡ್ ಜೆಟ್ ಡಿಬಿ’. ಬಂದ ಫೈಲಿನಲ್ಲಿ ‘ಸ್ಟ್ಯಾಂಡರ್ಡ್ ಎಸಿಇ ಡಿಬಿ’. ಜೆಟ್ ಅನ್ನುವುದು ಹಳೆಯ ಎಂಜಿನ್, ಎಸಿಇ 2007ರ ಆಕ್ಸೆಸ್ ಜೊತೆ ಬಂದದ್ದು. ಆ ಹೆಸರಿನ ಬೆನ್ನಿಗೇ ಒಂದು ಬೈಟಿನಲ್ಲಿ ಆವೃತ್ತಿಯ ಸಂಖ್ಯೆ: 2003ರ ಫೈಲಿಗೆ 1, ಎಸಿಇ ಫೈಲಿಗೆ 2 ಅಥವಾ ಅದಕ್ಕಿಂತ ಮೇಲೆ. ಹೊರಗೆ ಏನೇ ಹೆಸರಿಡಿ, ಆಕ್ಸೆಸ್ ನೋಡುವುದು ಇಲ್ಲಿ. ಏನನ್ನೂ ಸೇವ್ ಮಾಡದೆ ನೋಟ್‌ಪ್ಯಾಡ್ ಮುಚ್ಚಿಬಿಡಿ.

ಒಳಗಿನ ಪುಟಗಳ ಅಳತೆ ಎರಡರಲ್ಲೂ 4 ಕೆಬಿಯೇ. ಅಷ್ಟಕ್ಕೇ ಒಳಗೆ ಬಿಟ್ಟರೆ ಏನಾಗುತ್ತಿತ್ತು? ಕಾಲಂನ ಬಗೆಯೇ ಗೊತ್ತಿಲ್ಲದ ಟೇಬಲ್ಲಿನಲ್ಲಿ ಹಳೇ ಎಂಜಿನ್ ಒಂದು ಸಾಲು ಬರೆದರೂ ಸಾಕು, ಹೊಸ ಎಂಜಿನ್ನಿಗೂ ಅದು ಬೇಡದ ಫೈಲಾಗುತ್ತದೆ. ಬಾಗಿಲಲ್ಲೇ ತಡೆದದ್ದು ಒಳ್ಳೆಯದೇ ಆಯಿತು. ಬೈದುಕೊಳ್ಳುವವರು ಬೈದುಕೊಳ್ಳಲಿ.

ಹಳೇ ಫಾರ್ಮ್ಯಾಟಿಗೆ ಇಳಿಸುವ ಕೆಲಸ ಆಗಬೇಕಾದದ್ದು ಮುಖ್ಯ ಶಾಖೆಯಲ್ಲಿ, ಹೊಸ ಆಕ್ಸೆಸ್ ಇರುವ ಕಡೆ. ಮೇಡಂ ಅಲ್ಲಿಯ ಹುಡುಗನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕುತ್ತಾರೆ.

“ಸೇವ್ ಆಸ್‌ನಲ್ಲಿ ಆಕ್ಸೆಸ್ 2002-2003 ಅಂತ ಇರ್ತದೆ, ನೋಡಪ್ಪ.”

“ಇದೆ ಮೇಡಂ. ಒತ್ತಿದ್ರೆ ಆಗಲ್ಲ ಅಂತದೆ. ಈ ಫೈಲಲ್ಲಿ ಹೊಸ ಫೀಚರ್ ಬಳಸಿದೀರಿ ಅಂತೆ.”

ಯಾವ ಫೀಚರ್ ಎಂದು ಕೇಳುತ್ತಾ ಹೋದರೆ ಎರಡು ಕಾಲಂ ಸಿಗುತ್ತವೆ. ‘ಮುಖಪುಟ’ ಎಂಬುದು ಅಟ್ಯಾಚ್‌ಮೆಂಟ್. ಪ್ರತಿ ಪುಸ್ತಕದ ಫೋಟೋ ಡೇಟಾಬೇಸಿನೊಳಗೇ ಕೂತಿದೆ. ‘ವಿಷಯ’ ಮಲ್ಟಿ-ವ್ಯಾಲ್ಯೂ, ಒಂದೇ ಮನೆಯಲ್ಲಿ ‘ಇತಿಹಾಸ, ಜೀವನಚರಿತ್ರೆ’ ಎಂದು ಕಾಮಾ ಹಾಕಿದ ಹಾಗೆ ಕಾಣುತ್ತದೆ. ಕಾಣುವುದಷ್ಟೇ. ಒಳಗೆ ಆಕ್ಸೆಸ್ ಇವುಗಳನ್ನು ಬಚ್ಚಿಟ್ಟ ಇನ್ನೊಂದು ಟೇಬಲ್ಲಿನಲ್ಲಿ ಬೇರೆ ಬೇರೆ ಸಾಲಾಗಿಯೇ ಇಟ್ಟಿರುತ್ತದೆ. ನನ್ನನ್ನು ಕೇಳಿದರೆ ಈ ಕಾಲಂ ಬೇಕೇ ಇರಲಿಲ್ಲ. ಪುಸ್ತಕಕ್ಕೊಂದು, ಅದರ ವಿಷಯಗಳಿಗೊಂದು ಎಂದು ಎರಡು ಟೇಬಲ್ ಮಾಡುವುದು ಡೇಟಾಬೇಸಿನ ಮೊದಲ ಪಾಠ. ಈ ಎಕ್ಸ್‌ಪಿಯ ಫೈಲಿನಲ್ಲಿ ಇರುವುದೂ ಹಾಗೆಯೇ.

ಫೋನಿನಲ್ಲೇ ದಾರಿ ಹೇಳುತ್ತೀರಿ. ವಿಷಯ ಡಾಟ್ ವ್ಯಾಲ್ಯೂ ಎಂದು ಕ್ವೆರಿ ಬರೆದರೆ ಎರಡು ವಿಷಯವಿದ್ದ ಪುಸ್ತಕಕ್ಕೆ ಎರಡು ಸಾಲು ಬರುತ್ತದೆ; ಅದನ್ನೇ ಹೊಸ ಟೇಬಲ್ ಮಾಡು. ಫೋಟೋಗಳನ್ನು ಒಂದು ಫೋಲ್ಡರಿಗೆ ಇಳಿಸಿ, ಕಾಲಂನಲ್ಲಿ ಫೈಲಿನ ಹೆಸರು ಮಾತ್ರ ಇಡು. ಆಮೇಲೆ ಖಾಲಿ ಎಂಡಿಬಿ ಮಾಡಿ ಈ ಟೇಬಲ್‌ಗಳನ್ನು ಅದಕ್ಕೆ ಕಳಿಸು.

ಊಟದ ಹೊತ್ತು ಕಳೆದ ಮೇಲೆ ಹುಡುಗನೇ ಪೆನ್‌ಡ್ರೈವ್ ಹಿಡಿದು ಬರುತ್ತಾನೆ. ಈ ಸಲ ಫೈಲು ತೆರೆಯುತ್ತದೆ. ಮೇಡಂ ಮೊದಲು ನೋಡುವುದು ಶೀರ್ಷಿಕೆಗಳನ್ನು: ತುಂಗಾ ಫಾಂಟಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತಿದೆ, ಒತ್ತಕ್ಷರ ಸಮೇತ. 2000ದ ಆಕ್ಸೆಸ್ ಹೊತ್ತಿಗೆ ಜೆಟ್ ಯೂನಿಕೋಡಿಗೆ ಬಂದಿದ್ದರಿಂದ ಇದು ಸಾಧ್ಯ. ಆಕ್ಸೆಸ್ 97ಕ್ಕೆ ಇಳಿಸಬೇಕಾಗಿದ್ದರೆ ಅಷ್ಟೂ ಹೆಸರು ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಿದ್ದಿರುತ್ತಿದ್ದವು. ಇನ್ನೊಂದು ಕಡೆಯ ಕಥೆಯೂ ಉಂಟು: 2013ರಿಂದೀಚಿನ ಆಕ್ಸೆಸ್ ಆ 97ರ ಫೈಲನ್ನು ಮುಟ್ಟುವುದೇ ಇಲ್ಲ.

“ಮುಂದಿನ ತಿಂಗಳೂ ಇಷ್ಟೇ ಪಾಡಾ?” ಮೇಡಂ ಹುಡುಗನ ಕಡೆ ತಿರುಗುತ್ತಾರೆ.

ಬೇಕಿಲ್ಲ. ಅಲ್ಲಿಯ ಆಕ್ಸೆಸ್ ಆಪ್ಷನ್ಸ್‌ನಲ್ಲಿ ಹೊಸ ಡೇಟಾಬೇಸಿನ ಡಿಫಾಲ್ಟ್ ಫಾರ್ಮ್ಯಾಟನ್ನು 2002-2003 ಎಂದು ಇಟ್ಟು, ಪಟ್ಟಿಯನ್ನು ಇನ್ನು ಎಂಡಿಬಿಯಲ್ಲೇ ಮುಂದುವರಿಸಿದರೆ ಆಯಿತು. ಎಂಡಿಬಿಯಲ್ಲಿ ಅಟ್ಯಾಚ್‌ಮೆಂಟ್ ಕಾಲಂ ಮಾಡಲು ಹೊಸ ಆಕ್ಸೆಸ್ಸೇ ಬಿಡುವುದಿಲ್ಲ.

“ಹಂಗಾದ್ರೆ ಫೋಟೋ ಎಲ್ ಹಾಕ್ಲಿ?” ಎನ್ನುತ್ತಾನೆ.

“ಫೋಲ್ಡರ್‌ಗೆ ಹಾಕು,” ನಿಮಗಿಂತ ಮೊದಲು ಮೇಡಮ್ಮೇ ಹೇಳುತ್ತಾರೆ.