ಕೊಡಚಾದ್ರಿಯ ದಾರಿಯಲ್ಲಿ ಎರಡು ಅಂಗುಲ

ಕೊಲ್ಲೂರಿನ ಪೇಟೆಬೀದಿಯಲ್ಲಿ ಬೆಳಗಿನ ಬಿಸಿಲು ಏರುವ ಹೊತ್ತಿಗೆ ಜೀಪುಗಳು ಸಾಲುಗಟ್ಟಿ ನಿಂತಿರುತ್ತವೆ. "ಕೊಡಚಾದ್ರಿ, ಕೊಡಚಾದ್ರಿ" ಎಂಬ ಕೂಗು ಹೂವಿನ ಅಂಗಡಿಗಳ ಗದ್ದಲವನ್ನು ಮೀರಿ ಕೇಳಿಸುತ್ತದೆ. ದೇವಿಯ ದರ್ಶನ ಮುಗಿಸಿ ಹೊರಬಂದವರು ಎಂಟು ಮಂದಿ ಕೂಡುವ ತನಕ ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಲ್ಲುತ್ತಾರೆ. ಎಂಟನೆಯವನು ಬಂದೊಡನೆ ಆ ಅಪರಿಚಿತರೆಲ್ಲರೂ ಒಂದೇ ಸಂಸಾರದವರಂತೆ ಮೊಣಕಾಲಿಗೆ ಮೊಣಕಾಲು ಹೆಣೆದು ಕುಳಿತುಬಿಡುತ್ತಾರೆ. 1343 ಮೀಟರು ಎತ್ತರದ ಆ ಬೆಟ್ಟದ ಮಂಜನ್ನೂ, ಸರ್ವಜ್ಞಪೀಠದ ಕಲ್ಲುಮಂಟಪವನ್ನೂ, ಪಡುಗಡಲಿಗಿಳಿಯುವ ಸೂರ್ಯನನ್ನೂ ಕುರಿತು ಬರೆದವರು ಅನೇಕರು. ಅಲ್ಲಿಗೆ ಕರೆದೊಯ್ಯುವವನ ಮೊಣಕಾಲಿನ ಕಡೆಗೆ ಯಾರ ಕಣ್ಣೂ ಹೋದಂತಿಲ್ಲ.

ಸಾಲಿನಲ್ಲಿ ನಿಲ್ಲುತ್ತಿದ್ದ ಒಂದು ಜೀಪಿನ ಚಾಲಕ ಆರು ಅಡಿ ಎರಡು ಅಂಗುಲದ ಆಳು. ಅವನು ಸೀಟಿನೊಳಕ್ಕೆ ಹೊಗುವುದೇ ಒಂದು ನೋಟವಾಗಿತ್ತು. ಮೊದಲು ಸೊಂಟ, ಅನಂತರ ಬಗ್ಗಿಸಿದ ತಲೆ, ಕಡೆಯಲ್ಲಿ ಒಂದೊಂದಾಗಿ ಎರಡು ಕಾಲು. ಜೊತೆಯ ಚಾಲಕರು ಅವನಿಗೆ "ಮಡಚು ಕುರ್ಚಿ" ಎಂದು ಹೆಸರಿಟ್ಟಿದ್ದರು.

ನಾಗೋಡಿಯ ಘಟ್ಟ ಹತ್ತುವವರೆಗೆ ಡಾಂಬರು ರಸ್ತೆ. ಅಲ್ಲಿ ಅವನಿಗೆ ಹೇಳಿಕೊಳ್ಳುವಂತಹ ಕಷ್ಟವಿರಲಿಲ್ಲ. ಕಟ್ಟಿನಹೊಳೆಯನ್ನು ದಾಟಿದ ಮೇಲೆ ದಾರಿಯೆಂಬುದು ಹೆಸರಿಗೆ ಮಾತ್ರ. ಮಳೆಯ ನೀರು ಕೊರೆದ ಕೆಂಪು ಕೊರಕಲುಗಳು, ನಡುವೆ ಹಲ್ಲುಕಿರಿದ ಕಲ್ಲುಗಳು, ಒಂದು ಪಕ್ಕದಲ್ಲಿ ಧರೆ, ಇನ್ನೊಂದು ಪಕ್ಕದಲ್ಲಿ ಕಾಡು ತುಂಬಿದ ಕಣಿವೆ. ನಾಲ್ಕು ಚಕ್ರಗಳಿಗೂ ಬಲ ಹಾಯಿಸುವ ಎರಡನೆಯ ಗೇರುಕೋಲನ್ನು ಎಳೆದ ಮೇಲೆ ಎಡಗಾಲಿಗೂ ಬಲಗಾಲಿಗೂ ಬಿಡುವೆಂಬುದೇ ಇಲ್ಲ. ಬಲಗಾಲನ್ನು ಆಕ್ಸಿಲರೇಟರಿನಿಂದ ಬ್ರೇಕಿಗೆ ಸರಿಸುವಾಗ ಮೊಣಕಾಲು ಅರ್ಧ ಅಂಗುಲವಾದರೂ ಮೇಲೇಳಬೇಕು. ಅವನ ಮೊಣಕಾಲಿಗೆ ಮೇಲೇಳಲು ಜಾಗವಿರಲಿಲ್ಲ. ಡ್ಯಾಷ್‌ಬೋರ್ಡಿನ ತಗಡಿನ ಅಂಚು ಅಲ್ಲಿಯೇ ಕಾದಿತ್ತು. ಚಿಪ್ಪಿನ ಮೇಲೆ ಸದಾ ಒಂದು ಕಪ್ಪು ಕಲೆ. ಒಂದು ಸಂಜೆ ಇಳಿಜಾರಿನ ತಿರುವಿನಲ್ಲಿ ಕಾಲು ಹಾಗೆಯೇ ಸಿಕ್ಕಿಕೊಂಡಿತು. ಜೀಪು ಒಂದು ಗಜದಷ್ಟು ತಾನಾಗಿ ಉರುಳಿ, ಆಮೇಲೆ ನಿಂತಿತು. ಹಿಂದೆ ಕುಳಿತವರು ಹಾಡು ಹೇಳುತ್ತಿದ್ದರು, ಅವರಿಗೆ ಏನೂ ತಿಳಿಯಲಿಲ್ಲ. ತಿಳಿದದ್ದು ಅವನೊಬ್ಬನಿಗೆ. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಹೀಗೇಕೆ ಎಂದು ಕೇಳಿದರೆ ಉತ್ತರ ಬಹುದೂರದಲ್ಲಿದೆ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ಟೊಲಿಡೊ ನಗರದಲ್ಲಿ 1941ರಿಂದ ತಯಾರಾದ ವಿಲ್ಲಿಸ್ ಜೀಪಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಣ ಅಂತರ ಕೇವಲ 80 ಅಂಗುಲ. ಅಷ್ಟರಲ್ಲಿಯೇ ಎಂಜಿನ್ನು, ಸೈನಿಕರು, ಸಾಮಾನು ಎಲ್ಲವೂ ಅಡಕವಾಗಬೇಕಾಗಿತ್ತು. ಚಾಲಕನ ಸೀಟಿನ ಅಡಿಯಲ್ಲಿಯೇ ಪೆಟ್ರೋಲಿನ ಟ್ಯಾಂಕು. ಸುಖವನ್ನು ಯಾರೂ ಕೇಳಿರಲಿಲ್ಲ, ಯಾರೂ ಕೊಡಲೂ ಇಲ್ಲ. ಯುದ್ಧ ಮುಗಿದ ಬಳಿಕ ಅದೇ ವಂಶದ ಗಾಡಿಗಳನ್ನು ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ಜೋಡಿಸತೊಡಗಿತು. ಮಲೆನಾಡಿನ ಕಾಫಿ ತೋಟಗಳಿಗೂ ಘಟ್ಟದ ಹಳ್ಳಿಗಳಿಗೂ ಅವು ಎತ್ತಿನ ಗಾಡಿಯಷ್ಟೇ ಒಗ್ಗಿಹೋದವು. ಮುಂದೆ ಒಡಲು ಉದ್ದವಾಯಿತು, ಹಿಂದೆ ಬೆಂಚುಗಳು ಬಂದವು. ಆದರೆ ಹೆಚ್ಚಿದ ಉದ್ದವೆಲ್ಲ ಹಿಂದಿನವರ ಪಾಲಿಗೆ ಹೋಯಿತೇ ಹೊರತು ಚಾಲಕನ ಪಾಲಿಗೆ ಬರಲಿಲ್ಲ. 2020ರಲ್ಲಿ ಹೊಸ ರೂಪದಲ್ಲಿ ಹೊರಬಂದ ಥಾರ್ ಗಾಡಿಯಲ್ಲಿ ಸುಖವಾದ ಆಸನಗಳುಂಟು. ಬಾಡಿಗೆಗೆ ಓಡುವ ಹಳೆಯ ಜೀಪಿನವನಿಗೆ ಅದರಿಂದಾದ ಲಾಭ ಏನೂ ಇಲ್ಲ.

ಮಳೆಗಾಲ ಜೀಪಿನವರ ಬಿಡುವಿನ ಕಾಲ. ಆಷಾಢದ ಒಂದು ದಿನ ಅವನು ಗಾಡಿಯನ್ನು ಘಟ್ಟದ ಮೇಲಿನ ಒಂದು ಷೆಡ್ಡಿಗೆ ಒಯ್ದು ನಿಲ್ಲಿಸಿದನು. ತಗಡಿನ ಮಾಡಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಮಾತು ಕೇಳಿಸಬೇಕಾದರೆ ಕೂಗಬೇಕು.

"ಮೇಸ್ತ್ರಿ, ಸೀಟು ಮೂರು ಅಂಗುಲ ಹಿಂದೆ ಹೋಗಬೇಕು."

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಲಿಲ್ವಾ ಮಾರಾಯ?"

"ಹಿರಿಯರು ಕ್ಲಚ್ಚು ತುಳಿದವರಲ್ಲ."

ಮೇಸ್ತ್ರಿ ನಕ್ಕು ಕೆಲಸಕ್ಕಿಳಿದನು. ಸೀಟಿಗೆ ಕಾರ್ಖಾನೆಯವರೇ ಕೊಟ್ಟ ಎರಡು ಗಿಡ್ಡ ರೇಲುಗಳಿದ್ದವು. ಅದು ಕಡೆಯ ಹಲ್ಲಿಗೆ ಆಗಲೇ ಹೋಗಿ ನಿಂತಿತ್ತು. ಮಾಡಬೇಕಾದದ್ದು ಕೇಳುವುದಕ್ಕೆ ಸುಲಭ. ಒಂದೊಂದು ರೇಲಿನ ಅಡಿಗೂ ಕಾಲು ಅಂಗುಲ ದಪ್ಪದ ಉಕ್ಕಿನ ಪಟ್ಟಿಯೊಂದನ್ನು ಕೂರಿಸಿ, ಪಟ್ಟಿಯನ್ನು ನೆಲದ ಹಳೆಯ ತೂತುಗಳಿಗೆ ಬಿಗಿದು, ರೇಲನ್ನು ಪಟ್ಟಿಯ ಮೇಲೆ ಹಿಂದಕ್ಕೆ ಕೊರೆದ ಹೊಸ ತೂತುಗಳಿಗೆ ಬಿಗಿಯಬೇಕು. ಅವಸರದವರು ಪಟ್ಟಿಗೆ ಬದಲು ದಪ್ಪನೆಯ ಚೌಕಕೊಳವೆ ಇಟ್ಟುಬಿಡುತ್ತಾರೆ. ಆಗ ಕಾಲು ಉಳಿದರೂ ತಲೆ ಮಾಡಿನ ಕಂಬಿಗೆ ಬಡಿಯುತ್ತದೆ.

ಆದರೆ ಮೇಸ್ತ್ರಿ ಕೊರೆಯುವ ಯಂತ್ರವನ್ನು ಕೂಡಲೇ ಎತ್ತಲಿಲ್ಲ. ಗೋಣಿ ಹಾಸಿ, ಗಾಡಿಯ ಅಡಿಗೆ ನುಸುಳಿ, ಟ್ಯಾಂಕು ಎಲ್ಲಿದೆ, ಬ್ರೇಕಿನ ಕೊಳವೆ ಎಲ್ಲಿ ಹಾಯುತ್ತದೆ, ತಂತಿಗಳು ಎತ್ತ ಹೋಗುತ್ತವೆ ಎಂದು ಕೈಯಿಂದ ಮುಟ್ಟಿ ನೋಡಿದನು. ಇಂಧನದ ಬಳಿ ವೆಲ್ಡಿಂಗಿನ ಕಿಡಿ ಹಾರಿಸುವ ಧೈರ್ಯಶಾಲಿಗಳನ್ನು ಅವನು ಕಂಡಿದ್ದನು. ಆದ್ದರಿಂದ ವೆಲ್ಡಿಂಗನ್ನು ಬಿಟ್ಟು ಎಲ್ಲವನ್ನೂ ಬೋಲ್ಟಿನಿಂದಲೇ ಕೂರಿಸಲು ನಿಶ್ಚಯಿಸಿದನು. ತಲೆಯ ಮೇಲೆ 8.8 ಎಂಬ ಅಂಕಿ ಅಚ್ಚಾಗಿರುವ ಗಟ್ಟಿ ಬೋಲ್ಟುಗಳನ್ನೇ ಆರಿಸಿದನು. ಪಟ್ಟಿಯ ಹಿಂದಿನ ತುದಿ ಆಸರೆಯಿಲ್ಲದೆ ಗಾಳಿಯಲ್ಲಿ ಚಾಚಿಕೊಂಡರೆ ಒಂದು ಢಿಕ್ಕಿಯಲ್ಲಿ ಬಾಗಿ ಬೋಲ್ಟನ್ನು ಕಿತ್ತೀತು. ಅದಕ್ಕಾಗಿ ಆ ತುದಿಯನ್ನೂ ನೆಲಕ್ಕೆ ಬಿಗಿದು, ತಗಡಿನ ಕೆಳಗೆ ಅಗಲವಾದ ಬಿಲ್ಲೆಗಳನ್ನು ಕೊಟ್ಟನು. ಎರಡು ರೇಲುಗಳು ಕೂದಲೆಳೆಯಷ್ಟು ಓರೆಯಾದರೂ ಸೀಟು ಜಾರದು, ಇಲ್ಲವೆ ಒಂದೇ ಪಕ್ಕದಲ್ಲಿ ಕಚ್ಚಿಕೊಂಡೀತು. ಆದುದರಿಂದ ಅಳತೆಗೇ ಅರ್ಧ ದಿನ ಹೋಯಿತು. ಸೀಟಿನ ಎಣಿಕೆಯನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ನೋಂದಣಿ ಪತ್ರದ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂತೆ ಮಾರ್ಪಾಡು ಮಾಡಬಾರದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣ ಹೇಳುತ್ತದೆ.

ಮೂರು ಅಂಗುಲಕ್ಕೆ ಸರಿಸಿ ಕೂರಿಸಿ ನೋಡಿದಾಗ ಚಾಲಕನ ಮುಖ ಅರಳಿತು. ಮೊಣಕಾಲಿನ ಮುಂದೆ ಒಂದು ಬೊಗಸೆ ಗಾಳಿ ಆಡುತ್ತಿತ್ತು! ಮೇಸ್ತ್ರಿ ಮಾತ್ರ ಒಪ್ಪಲಿಲ್ಲ.

"ಕ್ಲಚ್ಚು ಪೂರ್ತಿ ತುಳಿ. ಬೆನ್ನು ಸೀಟು ಬಿಟ್ಟಿತು ನೋಡು. ಈಗ ಸ್ಟಿಯರಿಂಗು ಪೂರ್ತಿ ತಿರುಗಿಸು."

ತಿರುಗಿಸಿದಾಗ ಮೊಣಕೈ ಕೋಲಿನಂತೆ ನೆಟ್ಟಗಾಯಿತು. ಸೀಟು ಹಿಂದಕ್ಕೆ ಹೋದರೂ ಸ್ಟಿಯರಿಂಗು ತನ್ನ ಜಾಗದಲ್ಲಿಯೇ ಉಳಿಯುತ್ತದೆಂಬುದನ್ನು ಕಾಲಿನ ನೋವಿನಲ್ಲಿ ಅವನು ಮರೆತಿದ್ದನು. ನೆಟ್ಟಗಾದ ಕೈಗೆ ತಿರುವಿನಲ್ಲಿ ಬಲವಿರದು. ವಾದ ಬಹಳ ಹೊತ್ತು ನಡೆದು, ಎರಡು ಲೋಟ ಚಹಾ ಮುಗಿದು, ಕಡೆಗೆ ಎರಡು ಅಂಗುಲಕ್ಕೆ ಇತ್ಯರ್ಥವಾಯಿತು. ಕ್ಲಚ್ಚು ತಳಮುಟ್ಟಿದಾಗಲೂ ಮೊಣಕಾಲು ತುಸು ಬಾಗಿಯೇ ಇರಬೇಕು. ಬೆನ್ನು ಒರಗಿರುವಾಗಲೇ ಮಣಿಕಟ್ಟು ಸ್ಟಿಯರಿಂಗಿನ ನೆತ್ತಿಯನ್ನು ಮುಟ್ಟಬೇಕು. ಎರಡು ಅಂಗುಲದಲ್ಲಿ ಇವೆರಡೂ ಕೂಡಿಬಂದವು.

ದೀಪಾವಳಿ ಕಳೆದು ದಾರಿ ಒಣಗಿದ ಮೇಲೆ ಜೀಪು ಮತ್ತೆ ಕೊಲ್ಲೂರಿನ ಸಾಲಿಗೆ ಬಂದಿತು. ಚಾಲಕನಿಗೆ ದೊರೆತ ಎರಡು ಅಂಗುಲ ಆಕಾಶದಿಂದ ಬಿದ್ದದ್ದಲ್ಲವಷ್ಟೆ. ಅವನ ಬೆನ್ನ ಹಿಂದಿನ ಅಡ್ಡಬೆಂಚಿನಲ್ಲಿ ಮೊದಲು ಕೂರುವವರ ಪಾಲಿನಿಂದ ಬಂದದ್ದು. ಅಂದು ಆ ಜಾಗಕ್ಕೆ ಬಂದದ್ದು ಒಬ್ಬ ಮುದುಕಿ. ಹಣ್ಣುಕಾಯಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಆಕೆಯ ತೋಳಿಗೆ ಸೀಟಿನ ಬೆನ್ನು ತಾಗುತ್ತಿತ್ತು.

"ಇದೇನು ಮಗಾ, ನಿನ್ನ ಕುರ್ಚಿ ನನ್ನ ಮೈಮೇಲೆ ಬಂತಲ್ಲ?"

"ಕಲ್ಲುದಾರಿ ಮುಗಿಯುವ ತನಕ ತಡೆದುಕೊಳ್ಳಿ ಅಮ್ಮ, ಆಮೇಲೆ ಮುಂದಕ್ಕೆ ಎಳೆದುಕೊಳ್ತೇನೆ."

ಕೊರಕಲುಗಳ ಮೇಲೆ ಗಾಡಿ ತೂಗಾಡುತ್ತ ಏರಿತು. ಹಿಂದಿನ ವರ್ಷ ಉರುಳಿದ ಅದೇ ತಿರುವಿನಲ್ಲಿ ಬಲಗಾಲು ಸದ್ದಿಲ್ಲದೆ ಬ್ರೇಕಿಗೆ ಸರಿಯಿತು. ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಎತ್ತರದ ಕಬ್ಬಿಣದ ಕಂಬವೊಂದಿದೆ. ಅದು ದೇವಿಯ ತ್ರಿಶೂಲವೆಂದು ಭಕ್ತರ ನಂಬಿಕೆ. ಎಷ್ಟೋ ಮಳೆಗಾಲಗಳ ಮಳೆಯನ್ನು ಕುಡಿದೂ ಅದು ನೆಟ್ಟಗೆ ನಿಂತಿದೆ. ಮುದುಕಿ ಅದಕ್ಕೆ ಕೈಮುಗಿದು, ಹಣ್ಣುಕಾಯಿ ಮಾಡಿಸಿ, ಪೀಠದ ಕಡೆಗೆ ನಡೆಯಲಾರದೆ ಜೀಪಿನ ಬಳಿಗೆ ಮರಳಿದಳು. ಉಳಿದವರು ಬರುವ ತನಕ ಚಾಲಕನೂ ಆಕೆಯೂ ಬಾಳೆಹಣ್ಣು ತಿನ್ನುತ್ತ ಕುಳಿತರು.

ಇಳಿದು ಬರುವಾಗ ಕಟ್ಟಿನಹೊಳೆ ದಾಟಿ ಡಾಂಬರು ಸಿಕ್ಕೊಡನೆ ಅವನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದನು. ಸೀಟಿನ ಕೆಳಗಿನ ಹಿಡಿಯನ್ನು ಎತ್ತಿ ಎರಡು ಹಲ್ಲು ಮುಂದಕ್ಕೆ ಜಾರಿದನು. ಮೊಣಕಾಲು ಹಳೆಯ ಜಾಗಕ್ಕೆ ಹೋಗಿ ತಗಡನ್ನು ಮುಟ್ಟಿತು.

"ಈಗ ಹೇಗೆ ಅಮ್ಮ?"

ಉತ್ತರ ಬರಲಿಲ್ಲ. ಸೀಟಿನ ಬೆನ್ನಿಗೆ ತಲೆಯಾನಿಸಿ ಆಕೆ ನಿದ್ದೆ ಹೋಗಿದ್ದಳು.