ಕೊಲೆಗಾರ ಸಿಕ್ಕಿದ, ಸಮಾಧಾನ ಸಿಗಲಿಲ್ಲ

ವಿಜ್ಞಾನದ ಮೇಷ್ಟ್ರು ಪತ್ತೇದಾರಿ ಕಾದಂಬರಿ ಓದುತ್ತಾರೆ ಎಂದು ಗೊತ್ತಾದರೆ ಕೆಲವು ಪೋಷಕರು ಒಂದು ಥರಾ ನೋಡುತ್ತಾರೆ. ಪಠ್ಯಪುಸ್ತಕದ ಒಳಗೆ ಕಥೆಪುಸ್ತಕ ಇಟ್ಟುಕೊಂಡು ಸಿಕ್ಕಿಬಿದ್ದ ಹುಡುಗನಿಗೆ ಬುದ್ಧಿ ಹೇಳಬೇಕಾದವರೇ ಹೀಗಾದರೆ ಹೇಗೆ ಎಂಬ ಪ್ರಶ್ನೆ ಅವರ ಮುಖದಲ್ಲಿರುತ್ತದೆ. ಏನು ಮಾಡುವುದು, ಈ ಚಟ ನನಗೆ ಹೈಸ್ಕೂಲಿನಲ್ಲೇ ಅಂಟಿದ್ದು. ನಮ್ಮೂರ ಬಸ್‌ಸ್ಟ್ಯಾಂಡಿನ ಪಕ್ಕದ ಬಾಡಿಗೆ ಪುಸ್ತಕದಂಗಡಿಯಲ್ಲಿ ದಿನಕ್ಕೆ ನಾಲ್ಕಾಣೆ ಕೊಟ್ಟರೆ ಎನ್. ನರಸಿಂಹಯ್ಯನವರ ಕಾದಂಬರಿ ಸಿಗುತ್ತಿತ್ತು. ಪತ್ತೇದಾರ ಪುರುಷೋತ್ತಮನ ಸಾಹಸವನ್ನು ರಾತ್ರಿಯೇ ಓದಿ ಮುಗಿಸಿ ಬೆಳಿಗ್ಗೆ ವಾಪಸು ಕೊಟ್ಟರೆ ಎರಡನೇ ದಿನದ ಬಾಡಿಗೆ ಉಳಿಯುತ್ತಿತ್ತು. ಆ ಕಥೆಗಳ ಓಟಕ್ಕೂ ನಮ್ಮ ಜೇಬಿಗೂ ಅಂಥ ಹೊಂದಾಣಿಕೆ!

ಹಾಗೆ ಬೆಳೆದವನ ಕೈಗೆ ಈಚೆಗೆ ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಬಂತು. 1930ರಲ್ಲಿ ಪ್ರಕಟವಾದ ಪುಸ್ತಕ. ಹೆಣಿಗೆ ಹಾಕುತ್ತಾ ಕೊಲೆ ಪತ್ತೆಹಚ್ಚುವ ಮುದುಕಿ ಮಿಸ್ ಮಾರ್ಪಲ್ ಕಾಣಿಸಿಕೊಂಡ ಮೊದಲ ಕಾದಂಬರಿ ಇದೇ. ಲೈಬ್ರರಿಯಿಂದ ತಂದವಳು ಪಿಯುಸಿ ಓದುವ ನನ್ನ ಮಗಳು. ಅರ್ಧಕ್ಕೆ ಬಂದವಳೇ, “ಅಪ್ಪ, ಇದು ಮುಂದಕ್ಕೇ ಹೋಗ್ತಿಲ್ಲ. ಕೊನೇ ಅಧ್ಯಾಯ ನೋಡಿಬಿಡ್ಲಾ?” ಎಂದು ಕೇಳಿದಳು. ಬೇಡ ಅಂದೆ. ಪುಸ್ತಕ ಕಿತ್ತುಕೊಂಡು ನಾನೇ ಮೊದಲಿನಿಂದ ಶುರು ಮಾಡಿದೆ.

ಇಂಗ್ಲೆಂಡಿನ ಸೇಂಟ್ ಮೇರಿ ಮೀಡ್ ಎಂಬ ಕಾಲ್ಪನಿಕ ಹಳ್ಳಿ. ಕಥೆ ಹೇಳುವವನು ಅಲ್ಲಿನ ಪಾದ್ರಿ. ಊರಿಗೆಲ್ಲ ಬೇಡವಾದ ಕರ್ನಲ್ ಪ್ರೊಥೆರೊ ಎಂಬಾತನನ್ನು ಯಾರಾದರೂ ಕೊಂದರೆ ಲೋಕಕ್ಕೆ ಉಪಕಾರವಾದೀತು ಎಂದು ಪಾದ್ರಿಯೇ ಊಟದ ಮೇಜಿನಲ್ಲಿ ಬಾಯಿಜಾರಿ ಅನ್ನುತ್ತಾನೆ. ಮುಂದೆ ಆ ಕರ್ನಲ್ ಪಾದ್ರಿಯ ಓದುವ ಕೋಣೆಯಲ್ಲೇ ಗುಂಡೇಟು ತಿಂದು ಸತ್ತು ಬಿದ್ದಿರುತ್ತಾನೆ. ಆದರೆ ಅಲ್ಲಿಗೆ ಬರುವ ಹೊತ್ತಿಗೆ ನಾವು ನಾಲ್ಕು ಅಧ್ಯಾಯ ದಾಟಿ, ಊರಿನ ಹೆಂಗಸರ ಜೊತೆ ಚಹಾ ಕುಡಿದು, ಯಾರು ಯಾರನ್ನು ಎಲ್ಲಿ ಕಂಡರು ಎಂಬುದನ್ನೆಲ್ಲ ಕೇಳಿಸಿಕೊಂಡಿರುತ್ತೇವೆ. ಮಿಸ್ ಮಾರ್ಪಲ್ ಪಕ್ಕದ ಮನೆಯವಳು. ಹಕ್ಕಿ ನೋಡುವ ನೆಪದಲ್ಲಿ ದುರ್ಬೀನು ಹಿಡಿದು ತೋಟದಲ್ಲಿ ಕೂತರೆ ಅವಳ ಕಣ್ಣು ತಪ್ಪಿಸಿ ಬೀದಿಯಲ್ಲಿ ಯಾರೂ ಹಾಯುವಂತಿಲ್ಲ. ವಠಾರದಲ್ಲಿ ಬಾಳಿದವರಿಗೆ ಇವಳನ್ನು ಪರಿಚಯ ಮಾಡಿಸಬೇಕಾಗಿಲ್ಲ. ದುರ್ಬೀನು ಒಂದು ಬಿಟ್ಟರೆ ಉಳಿದದ್ದೆಲ್ಲ ನಮ್ಮಲ್ಲೂ ಇತ್ತು.

ಕೊಲೆಯಾದ ಮೇಲಾದರೂ ಓಟ ಹೆಚ್ಚುತ್ತದೆಯೇ? ಇಲ್ಲ. ಇಬ್ಬರು ಬೇರೆಬೇರೆಯಾಗಿ ಬಂದು ತಾವೇ ಕೊಂದದ್ದು ಎನ್ನುತ್ತಾರೆ, ಪೊಲೀಸರು ಇಬ್ಬರನ್ನೂ ಬಿಟ್ಟುಬಿಡುತ್ತಾರೆ. ಗೋರಿದಿಬ್ಬ ಅಗೆಯುವ ಪುರಾತತ್ವದ ಪಂಡಿತ, ಕಾಡಿನಲ್ಲಿ ಸಿಗುವ ಸೂಟ್‌ಕೇಸು, ಚರ್ಚಿನ ಲೆಕ್ಕದಲ್ಲಿ ಕಡಿಮೆ ಬಿದ್ದ ಹಣ, ಎಲ್ಲಿಂದಲೋ ಬಂದು ನೆಲೆಸಿದ ನಿಗೂಢ ಹೆಂಗಸು, ಹೆಸರು ಹೇಳದೆ ಬರುವ ಟೆಲಿಫೋನ್ ಕರೆ ಎಲ್ಲವೂ ಒಂದರ ಮೇಲೊಂದು ಬರುತ್ತವೆ. ಇನ್ಸ್‌ಪೆಕ್ಟರನ ಹೆಸರು ಸ್ಲ್ಯಾಕ್, ಅಂದರೆ ಜಡ, ಸಡಿಲ ಎಂದರ್ಥ. ಪುಸ್ತಕದಲ್ಲಿ ಅವಸರ ಪಡುವವನು ಅವನೊಬ್ಬನೇ! ಪಾದ್ರಿಯ ಮನೆಯ ಗಡಿಯಾರವನ್ನು ಬೇಕೆಂದೇ ಹದಿನೈದು ನಿಮಿಷ ಮುಂದೆ ಇಟ್ಟಿರುತ್ತಾರೆ. ಕೊಲೆಯ ಹೊತ್ತು ನಿರ್ಧರಿಸಲು ಇದು ಮುಖ್ಯ. ಪಾದ್ರಿ ಅದನ್ನು ಹೇಳಹೋದರೆ ಇನ್ಸ್‌ಪೆಕ್ಟರಿಗೆ ಕೇಳುವ ವ್ಯವಧಾನವಿಲ್ಲ. ಉಪಕರಣದಲ್ಲಿ ದೋಷವಿದೆ ಎಂದು ಮಾಪನ ಮಾಡಿದವನೇ ಹೇಳಿದರೂ ಕೇಳದ ಅಧಿಕಾರಿಯನ್ನು ಕಂಡು ನನಗೆ ನಗು ಬಂತು.

ನಿಧಾನವೇ ಈ ಪುಸ್ತಕದ ದೋಷವೆಂದು ನನ್ನ ಮಗಳ ವಾದ. ನಾನು ಒಪ್ಪಲಿಲ್ಲ. ಬ್ಯೂರೆಟ್ಟಿನಿಂದ ಹನಿಹನಿಯಾಗಿ ಆಮ್ಲ ಬಿಡುವುದೂ ನಿಧಾನವೇ. ಬಣ್ಣ ಬದಲಾಗುವ ಆ ಒಂದು ಹನಿಗಾಗಿ ಕಾಯುವುದರಲ್ಲಿ ಒಂದು ಸುಖವಿದೆ. ಈ ಕಥೆಯಲ್ಲೂ ಅಂಥ ಹನಿಗಳಿವೆ. ಪಾದ್ರಿಗೆ ಕಾಡಿನಲ್ಲಿ ಒಂದು ಹರಳು ಸಿಗುತ್ತದೆ. ಊರಿನ ಡಾಕ್ಟರು ಅದು ಪಿಕ್ರಿಕ್ ಆಮ್ಲ ಎನ್ನುತ್ತಾನೆ. ನಾನು ಎದ್ದು ಕುಳಿತೆ. ಫೀನಾಲ್ ಮತ್ತು ನೈಟ್ರಿಕ್ ಆಮ್ಲದಿಂದ ತಯಾರಿಸುವ ಹಳದಿ ಪದಾರ್ಥ. ಒಂದು ಕಾಲಕ್ಕೆ ರೇಷ್ಮೆಗೆ, ಉಣ್ಣೆಗೆ ಬಣ್ಣ ಹಾಕಲು ಬಳಸಿದ್ದು ಇದನ್ನೇ, ಸುಟ್ಟ ಗಾಯಕ್ಕೆ ಹಚ್ಚಿದ್ದು ಇದನ್ನೇ, ಮೊದಲ ಮಹಾಯುದ್ಧದಲ್ಲಿ ಫಿರಂಗಿಯ ಗುಂಡಿಗೆ ತುಂಬಿದ್ದೂ ಇದನ್ನೇ. ಒಣಗಿದರೆ ಅಪಾಯವೆಂದು ಪ್ರಯೋಗಾಲಯಗಳಲ್ಲಿ ನೀರಿನಲ್ಲಿ ನೆನೆಸಿಯೇ ಇಡುತ್ತಾರೆ. ಅದಕ್ಕೆ ಆ ಕಾಡಿನಲ್ಲೇನು ಕೆಲಸ? ಹೇಳಿದರೆ ಓದದವರಿಗೆ ಅನ್ಯಾಯ. ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದ್ದವಳು. ರಾಸಾಯನಿಕಗಳ ವಿಷಯದಲ್ಲಿ ಅವಳ ಕೈ ಪಳಗಿದ್ದು.

ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ನಾನೊಂದು ಕೋಷ್ಟಕ ಹಾಕಿಕೊಂಡೆ. ಯಾರು, ಎಲ್ಲಿ, ಎಷ್ಟು ಗಂಟೆಗೆ. ಕರ್ನಲ್ ಸಾಯಲಿ ಎನ್ನುವವರು ಏಳು ಮಂದಿಯಾದರೂ ಇದ್ದಾರೆ ಎಂದು ಮಿಸ್ ಮಾರ್ಪಲ್ ಹೇಳಿದ್ದಳು. ಏಳು ಸಾಲು ಬಿಟ್ಟೆ. ಮನೆಯಾಕೆ ಕಾಫಿ ತಂದಿಟ್ಟು, “ಇದೇನು ಪರೀಕ್ಷೆಯ ಕೆಲಸವೇ?” ಎಂದು ಕೇಳಿದರೆ ಹೂಂ ಅಂದೆ.

ನನಗೆ ನಿರಾಸೆಯಾದದ್ದು ಕೊನೆಯಲ್ಲಿ. ಮಿಸ್ ಮಾರ್ಪಲ್ ಎಲ್ಲವನ್ನೂ ಜೋಡಿಸಿ ಕೊಲೆ ನಡೆದ ಬಗೆಯನ್ನು ವಿವರಿಸುತ್ತಾಳೆ. ಅಚ್ಚುಕಟ್ಟಾದ ವಿವರಣೆ. ಆದರೆ ವಿವರಣೆ ರುಜುವಾತಲ್ಲ. ಇಂಥವನು ನಮ್ಮೂರಿನ ಇಂಥವನ ಹಾಗೆ, ಆದ್ದರಿಂದ ಹೀಗೇ ಮಾಡಿರುತ್ತಾನೆ ಎನ್ನುವುದು ಅವಳ ರೀತಿ. ಅದು ಒಳ್ಳೆಯ ಊಹೆಯಾದೀತು, ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಇದು ಅವಳಿಗೂ ಗೊತ್ತು. ಆದ್ದರಿಂದ ಕೊಲೆಗಾರನಿಗೆ ಒಂದು ಬಲೆ ಒಡ್ಡೋಣ ಎನ್ನುತ್ತಾಳೆ. ಸರಿಯಾದ ಮಾತು! ಊಹೆ ಆಯಿತು, ಇನ್ನು ಪ್ರಯೋಗ. ಮುನ್ನೂರು ಪುಟ ಕಾದದ್ದು ಇದಕ್ಕೇ ಎಂದುಕೊಂಡು ಪುಟ ತಿರುಗಿಸಿದರೆ, ಬಲೆ ಫಲಿಸಿತು, ಕೊಲೆಗಾರ ಸಿಕ್ಕ ಎಂದು ಪಾದ್ರಿ ಚುಟುಕಾಗಿ ಹೇಳಿ ಊರಿನ, ಮನೆಯ ಮಾತಿಗೆ ಹೊರಳುತ್ತಾನೆ. ಆ ರಾತ್ರಿ ಯಾರು ಎಲ್ಲಿ ಅಡಗಿದ್ದರು, ಅವನು ಅನುಮಾನಪಟ್ಟನೇ, ಎಷ್ಟು ಹೊತ್ತು ಕಾದರು, ಒಂದನ್ನೂ ನಮ್ಮ ಕಣ್ಣಿಗೆ ತೋರಿಸುವುದಿಲ್ಲ. ಚಹಾಕೂಟಕ್ಕೆ ಪುಟಗಟ್ಟಲೆ, ಪ್ರಯೋಗಕ್ಕೆ ನಾಲ್ಕು ಸಾಲು.

ನನಗಾದ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ. ಇಂಥ ಬರಹವನ್ನು ನಾನು ವರ್ಷವರ್ಷವೂ ತಿದ್ದುತ್ತೇನೆ. ಹತ್ತನೇ ತರಗತಿಯ ಪ್ರಾಯೋಗಿಕ ಪುಸ್ತಕ ತೆರೆದು ನೋಡಿ. ಉದ್ದೇಶ, ಸಲಕರಣೆ, ಚಿತ್ರ, ವಿಧಾನ ಎಲ್ಲ ಮುತ್ತಿನಂಥ ಅಕ್ಷರದಲ್ಲಿ ಮೂರು ಪುಟ. ಕೊನೆಗೆ ‘ಓಮನ ನಿಯಮ ಸಾಧಿತವಾಯಿತು’ ಎಂದು ಒಂದು ಸಾಲು. ಕೋಷ್ಟಕದಲ್ಲಿ ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ಐದೂ ಸಾಲಿನಲ್ಲಿ ಒಂದೇ ಉತ್ತರ, ದಶಮಾಂಶದ ವ್ಯತ್ಯಾಸವೂ ಇಲ್ಲ. ತಂತಿ ಬಿಸಿಯಾಗುತ್ತದೆ, ಮುಳ್ಳು ಅಲ್ಲಾಡುತ್ತದೆ, ಓದುವ ಕಣ್ಣು ಓರೆಯಾಗುತ್ತದೆ. ನಿಜವಾಗಿ ಅಳೆದವನಿಗೆ ಹೀಗೆ ಬರುವುದೇ ಇಲ್ಲ. ಉತ್ತರ ಮೊದಲೇ ಗೊತ್ತು, ಅದಕ್ಕೆ ಹೊಂದುವ ಅಂಕಿಗಳನ್ನು ಆಮೇಲೆ ಬರೆದದ್ದು. ಒಮ್ಮೆ ಒಬ್ಬ ಹುಡುಗಿ ಹೊಂದದ ಅಂಕಿಗಳನ್ನೇ ಇದ್ದ ಹಾಗೆ ಬರೆದು ತಂದಿದ್ದಳು. ಪೂರ್ತಿ ಅಂಕ ಕೊಟ್ಟೆ. ಮರುದಿನ ಅವಳ ತಂದೆ ಬಂದು, “ಸಾರ್, ಉತ್ತರ ತಪ್ಪಿದ್ದರೂ ಅಂಕ ಕೊಟ್ಟಿದ್ದೀರಿ, ಮುಂದೆ ಬೋರ್ಡ್ ಪರೀಕ್ಷೆಯಲ್ಲಿ ಹೀಗೇ ಬರೆದರೆ?” ಎಂದರು. ಅವರ ಭಯ ಸುಳ್ಳೆಂದು ಹೇಳಲಾರೆ. ಅದಕ್ಕೆ ನನ್ನ ಬಳಿ ಇವತ್ತಿಗೂ ಪೂರ್ತಿ ಉತ್ತರವಿಲ್ಲ.

ಕ್ರಿಸ್ಟಿಯ ಆತ್ಮಕಥೆ ಅವಳು ತೀರಿಕೊಂಡ ಮರುವರ್ಷ, 1977ರಲ್ಲಿ ಹೊರಬಂತು. ಈ ಕಾದಂಬರಿಯಲ್ಲಿ ಪಾತ್ರಗಳು ಅತಿಯಾದವು, ಉಪಕಥೆಗಳೂ ಅತಿಯಾದವು, ಮುಖ್ಯ ಕಥೆ ಮಾತ್ರ ಗಟ್ಟಿಯಾಗಿದೆ ಎಂಬರ್ಥದ ಮಾತು ಅದರಲ್ಲಿದೆ. ಇದನ್ನು ಮಗಳಿಗೆ ಹೇಳಿದೆ. “ನೋಡಿದ್ರಾ, ಬರೆದವಳೇ ನನ್ನ ಕಡೆ” ಎಂದು ಕುಣಿದಳು. “ಇರಲಿ, ಆ ಬಲೆ ಫಲಿಸದೇ ಹೋಗಿದ್ದರೆ? ಆಗ ಮುದುಕಿ ಏನು ಮಾಡ್ತಿದ್ದಳು? ನನಗೆ ಓದಬೇಕಾಗಿದ್ದದ್ದು ಅದು” ಎಂದೆ.

“ಆಗ ಇನ್ನೂ ನೂರು ಪುಟ ಬರೀತಿದ್ದಳು ಅಪ್ಪ” ಎಂದು ಪುಸ್ತಕ ಚೀಲಕ್ಕೆ ಹಾಕಿಕೊಂಡು ಲೈಬ್ರರಿಗೆ ಹೊರಟಳು.